ಹಣ್ಣಿಗೋಸ್ಕರ ಉಳಿಸಿಕೊಂಡ ಪೊದೆ

ಯೂತ್ ಆರಾಧನೆ – ಸಂದೇಶದ ಲಿಖಿತ ರೂಪ
ವಾಕ್ಯಭಾಗ: ಇಬ್ರಿಯರಿಗೆ 12:14–17, ಆದಿಕಾಂಡ 27:41–42

ಕೂತ್ಕೊಳ್ಳಿ ಪ್ರಿಯರೇ. ಹಿಂದೆ ನಿಂತಿರೋರು ಮುಂದೆ ಬನ್ನಿ, ಮೊದಲನೇ ಸಾಲು ಖಾಲಿ ಇದೆ. ಇಷ್ಟು ಜೋರಾಗಿ ಹಲ್ಲೆಲೂಯಾ ಹೇಳೋ ಸಭೆಯಲ್ಲಿ ಮೊದಲನೇ ಸಾಲು ಯಾಕೆ ಯಾವಾಗಲೂ ಖಾಲಿ ಇರುತ್ತೆ ಅಂತ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಸಿಸ್ಟರ್ ಈಗ ಓದಿದ ಭಾಗದಲ್ಲಿ ಒಂದು ಬೇರಿನ ವಿಷಯ ಬಂತು, ಗಮನಿಸಿದ್ರಾ? ಈ ಪತ್ರ ಬರೆದ ದೇವರ ಮನುಷ್ಯ ವಿಶ್ವಾಸಿಗಳಿಗೇ ಬರೀತಾ ಇದ್ದಾನೆ, ಲೋಕದವರಿಗಲ್ಲ. ನಿಮ್ಮ ಮಧ್ಯೆ ಒಂದು ಕಹಿಯಾದ ಬೇರು ಇರಬಹುದು, ಅದು ಒಬ್ಬನಲ್ಲಿ ಚಿಗುರಿದರೂ ಕೆಡೋದು ಬಹಳ ಜನ ಅಂತ ಎಚ್ಚರಿಸ್ತಾನೆ. ಆದ ಮೇಲೆ ತಕ್ಷಣ, ಮುಂದಿನ ವಚನದಲ್ಲೇ, ಏಸಾವನ ಹೆಸರು ತೆಗೀತಾನೆ. ಬೇರಿಗೂ ಏಸಾವನಿಗೂ ಏನು ಸಂಬಂಧ? ಅಲ್ಲಿಗೆ ಬರ್ತೀನಿ. ಅದಕ್ಕೆ ಮುಂಚೆ ನಿಮಗೆ ಒಂದು ಗಿಡದ ಕಥೆ ಹೇಳಬೇಕು. ಯಾಕಂದ್ರೆ ಈ ವಚನ ನನಗೆ ಅರ್ಥ ಆಗಿದ್ದು ಬೈಬಲ್ ಕಾಲೇಜಲ್ಲಿ ಅಲ್ಲ, ಸಿಯಾಟಲ್ ಹತ್ತಿರದ ಒಂದು ಹಳ್ಳದ ದಡದಲ್ಲಿ, ಕೈಯಲ್ಲಿ ಸಲಿಕೆ ಹಿಡ್ಕೊಂಡು.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ಸೇವೆಗೆ ಬರೋ ಮುಂಚೆ ನಾನು ನಾಲ್ಕು ವರ್ಷ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಅಲ್ಲಿ ಮೊದಲ ಆಗಸ್ಟ್‌ನಲ್ಲಿ ನನಗೆ ಆದ ಆಶ್ಚರ್ಯ ಕೇಳಿ. ಬೆಂಗಳೂರಲ್ಲಿ ಬ್ಲ್ಯಾಕ್‌ಬೆರಿ ಅಂದ್ರೆ ಏನು? ಸೂಪರ್‌ಮಾರ್ಕೆಟ್ ಫ್ರಿಡ್ಜ್‌ನಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ರೇಟ್ ನೋಡಿ ಮತ್ತೆ ಅಲ್ಲೇ ಇಡ್ತೀವಿ. ಅಲ್ಲಿ ರಸ್ತೆ ಪಕ್ಕ, ರೈಲು ಹಳಿ ಪಕ್ಕ, ಪಾರ್ಕಿಂಗ್ ಪಕ್ಕ, ಎಲ್ಲಿ ನೋಡಿದ್ರೂ ಅದೇ ಹಣ್ಣು, ಕಪ್ಪಗೆ, ದಪ್ಪಗೆ, ಫ್ರೀ! ನಾನು ಮತ್ತು ನನ್ನ ಹೆಂಡತಿ ಪಾತ್ರೆ ತಗೊಂಡು ಹೋಗಿ ತುಂಬಿಸ್ಕೊಂಡು ಬಂದ್ವಿ. ಕೈಯೆಲ್ಲ ಗೀರು, ರಕ್ತ. ಪರವಾಗಿಲ್ಲ, ಹಣ್ಣು ಸಿಹಿ. ಕಾನಾನ್ ದೇಶಕ್ಕೇ ಬಂದುಬಿಟ್ವಿ ಅಂದ್ಕೊಂಡೆ.

ಆಮೇಲೆ ಗೊತ್ತಾಯ್ತು, ಆ ಊರಿನವರ ಲೆಕ್ಕದಲ್ಲಿ ಅದು ಕಳೆ.

ಅದರ ಚರಿತ್ರೆ ಸ್ವಲ್ಪ ಕೇಳಿ, ಚೆನ್ನಾಗಿದೆ. ಲೂಥರ್ ಬರ್ಬ್ಯಾಂಕ್ ಅಂತ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ತೋಟಗಾರ ಇದ್ದ. 800ಕ್ಕೂ ಹೆಚ್ಚು ಹೊಸ ತಳಿಗಳನ್ನು ಬೆಳೆಸಿದ ಮನುಷ್ಯ. ನೀವು ತಿನ್ನೋ ಫ್ರೆಂಚ್ ಫ್ರೈಸ್ ಇದೆಯಲ್ಲ, ಆ ಉದ್ದನೆಯ ಆಲೂಗಡ್ಡೆ, ರಸೆಟ್ ಬರ್ಬ್ಯಾಂಕ್, ಅದು ಇವನು ಬೆಳೆಸಿದ ಆಲೂಗಡ್ಡೆಯಿಂದ ಬಂದದ್ದು. ಒಳ್ಳೇ ಕೆಲಸಗಾರ. 1880ರ ದಶಕದಲ್ಲಿ ಇವನಿಗೆ ಎಲ್ಲಿಂದ ಒಂದು ಬೀಜ ಬಂತು ಅಂತೀರಾ? ನಮ್ಮ ಇಂಡಿಯಾದಿಂದ! ಅದಕ್ಕೇ ಅವನು ಅದಕ್ಕೆ ‘ಹಿಮಾಲಯ ಜೈಂಟ್’ ಅಂತ ಹೆಸರಿಟ್ಟು ಮಾರಿದ. ಈಗಲೂ ಜನ ಅದನ್ನ ಹಿಮಾಲಯನ್ ಬ್ಲ್ಯಾಕ್‌ಬೆರಿ ಅಂತಲೇ ಕರೀತಾರೆ. ಆದರೆ ಅದರ ಮೂಲ ಹಿಮಾಲಯ ಅಲ್ಲವೇ ಅಲ್ಲ, ಅರ್ಮೇನಿಯ ಮತ್ತು ಉತ್ತರ ಇರಾನ್ ಕಡೆಯದು. ಹೆಸರೇ ಸುಳ್ಳು. ನಾವು ಕೂಡ ನಮ್ಮ ಒಳಗಿರೋ ಕಹಿಗೆ ‘ಸ್ವಾಭಿಮಾನ’ ಅಂತಲೋ ‘ಬೌಂಡರಿ’ ಅಂತಲೋ ಹೆಸರಿಡ್ತೀವಿ, ಅದು ಬಿಡಿ.

ಬರ್ಬ್ಯಾಂಕ್ ಕೆಟ್ಟದ್ದು ಮಾಡೋಣ ಅಂತ ಬೀಜ ಹಾಕಲಿಲ್ಲ. ಆಸ್ಟ್ರೇಲಿಯಾದಲ್ಲೂ ಇದೇ ಆಯ್ತು. ವಿಕ್ಟೋರಿಯಾದ ಸರ್ಕಾರಿ ಸಸ್ಯಶಾಸ್ತ್ರಜ್ಞ ಫರ್ಡಿನೆಂಡ್ ವಾನ್ ಮ್ಯೂಲರ್, ದೊಡ್ಡ ವಿದ್ವಾಂಸ, ಹಳ್ಳಗಳ ಪಕ್ಕ ಬ್ಲ್ಯಾಕ್‌ಬೆರಿ ಬಿತ್ತೋದಕ್ಕೆ ಪ್ರೋತ್ಸಾಹ ಕೊಟ್ಟ. ಮಣ್ಣು ಕೊಚ್ಚಿಹೋಗಲ್ಲ, ಬಡವರಿಗೆ ಹಣ್ಣೂ ಆಗುತ್ತೆ ಅಂತ. ಇವತ್ತು ಅಲ್ಲಿ ಸುಮಾರು 88 ಲಕ್ಷ ಹೆಕ್ಟೇರ್ ನೆಲದಲ್ಲಿ ಬ್ಲ್ಯಾಕ್‌ಬೆರಿ ಕಳೆ ಇದೆ. ರೈತರ ಹುಲ್ಲುಗಾವಲು ಹೋಯ್ತು; ದನ, ಕುರಿ ಒಳಗೆ ಹೋಗಕ್ಕೆ ಆಗಲ್ಲ. ನಮ್ಮ ಬಂಡೀಪುರದಲ್ಲಿ ಲಂಟಾನ ನೋಡಿದ್ದೀರಲ್ಲ? ಅದೂ ಯಾರೋ ತೋಟದ ಚಂದಕ್ಕೆ ಅಂತ ತಂದದ್ದೇ.

ಈಗ ನನ್ನ ಕಥೆಗೆ ಬರ್ತೀನಿ. ಅಲ್ಲಿ ನಾವು ಹೋಗ್ತಿದ್ದ ಸಭೆಯವರು ತಿಂಗಳಿಗೊಂದು ಶನಿವಾರ ಪಕ್ಕದ ಪಾರ್ಕ್‌ನಲ್ಲಿ ಹಳ್ಳದ ದಡ ಕ್ಲೀನ್ ಮಾಡೋ ಸೇವೆ ಮಾಡ್ತಿದ್ರು. ಆ ಹಳ್ಳಕ್ಕೆ ಸಾಲ್ಮನ್ ಮೀನು ಸಮುದ್ರದಿಂದ ವಾಪಸ್ ಬಂದು ಮೊಟ್ಟೆ ಇಡಬೇಕು. ಮೀನಿಗೆ ತಣ್ಣನೆ ನೀರು ಬೇಕು, ನೀರು ತಣ್ಣಗಿರಕ್ಕೆ ದಡದಲ್ಲಿ ದೊಡ್ಡ ಮರದ ನೆರಳು ಬೇಕು. ಆದರೆ ದಡದ ತುಂಬ ಬ್ಲ್ಯಾಕ್‌ಬೆರಿ ಪೊದೆ. ಆ ಪೊದೆ ಒಳಗೆ ಬಿಸಿಲು ಇಳಿಯಲ್ಲ, ಮರದ ಸಸಿ ಎದ್ದೇಳಕ್ಕೆ ಆಗಲ್ಲ. ಇದ್ದ ಮುದಿ ಮರ ಬಿದ್ದರೆ ಅದರ ಜಾಗಕ್ಕೆ ಇನ್ನೊಂದು ಬರಲ್ಲ.

ಫೆಬ್ರವರಿ. ಚಳಿ, ಜಿಟಿಜಿಟಿ ಮಳೆ. ನನಗೆ ದೊಡ್ಡ ಕತ್ತರಿ ಕೊಟ್ರು. ನಾನು ದಾವೀದನ ಹಾಗೆ ನುಗ್ಗಿದೆ. ಮೂರು ಗಂಟೆ ಹೊತ್ತು ಕತ್ತರಿಸಿದ್ದೇ ಕತ್ತರಿಸಿದ್ದು. ಹೆಬ್ಬೆರಳು ದಪ್ಪದ ಬಳ್ಳಿ, ಕೆಲವು ಇಪ್ಪತ್ತು ಅಡಿ ಉದ್ದ. ರಾಶಿ ಹಾಕಿ ಅದರ ಮುಂದೆ ನಿಂತು ಫೋಟೋನೂ ತೆಗೆಸ್ಕೊಂಡೆ. ಈ ತಂಡ ನಡೆಸ್ತಿದ್ದ ಒಬ್ಬರು ವಯಸ್ಸಾದ ಅಮ್ಮ ಇದ್ರು, ರಿಟೈರ್ಡ್ ಟೀಚರ್. ಬಂದು ನೋಡಿದ್ರು. “ಚೆನ್ನಾಗಿ ಕ್ಷೌರ ಮಾಡಿದ್ದೀಯ, ಜೂನ್‌ಗೆ ಮತ್ತೆ ಬಾ” ಅಂದ್ರು. ನನಗೆ ಸ್ವಲ್ಪ ಬೇಜಾರೇ ಆಯ್ತು.

ಜೂನ್‌ಗೆ ಹೋದೆ. ನಾನು ಫೋಟೋ ತೆಗೆಸ್ಕೊಂಡ ಜಾಗದಲ್ಲೇ ಹೊಸ ಬಳ್ಳಿ ನನ್ನ ಎದೆ ಮಟ್ಟಕ್ಕೆ ನಿಂತಿತ್ತು, ಹಸಿರಾಗಿ, ಮೊದಲಿಗಿಂತ ಒತ್ತೊತ್ತಾಗಿ. ಇನ್ನೊಂದು ಕೂಡ ನೋಡಿದೆ. ಫೆಬ್ರವರಿಯಲ್ಲಿ ನಾನು ಬಿಟ್ಟು ಹೋಗಿದ್ದ ಕೆಲವು ಉದ್ದ ಬಳ್ಳಿಗಳು ಬಿಲ್ಲಿನ ಹಾಗೆ ಬಾಗಿ, ತುದಿ ನೆಲ ಮುಟ್ಟಿದ ಕಡೆ ಅಲ್ಲೇ ಬೇರು ಬಿಟ್ಟು ಇನ್ನೊಂದು ಗಿಡ ಆಗಿದ್ವು.

ಆ ಅಮ್ಮ ನನಗೆ ಆ ಗಿಡದ ಗುಟ್ಟು ತೋರಿಸಿದ್ರು. ಒಂದು ಬಳ್ಳಿಗೆ ಎರಡೇ ವರ್ಷ ಆಯಸ್ಸು. ಮೊದಲ ವರ್ಷ ಬರೀ ಬೆಳೆಯುತ್ತೆ, ಹೂವಿಲ್ಲ, ಹಣ್ಣಿಲ್ಲ. ಎರಡನೇ ವರ್ಷ ಹಣ್ಣು ಬಿಟ್ಟು ಸಾಯುತ್ತೆ. ಅದರ ಜೀವ ಇರೋದು ಬಳ್ಳಿಯಲ್ಲಿ ಅಲ್ಲ, ನೆಲದ ಮಟ್ಟದಲ್ಲಿರೋ ಬುಡದಲ್ಲಿ. ಮರದ ಗಂಟಿನ ಹಾಗೆ ಒಂದು ಗಡ್ಡೆ ಇರುತ್ತೆ, ಅದರಿಂದ ಬೇರು ಕೆಳಗೆ ಹೋಗಿರುತ್ತೆ. ಮೇಲೆ ಕತ್ತರಿಸಿದಷ್ಟೂ ಅದು ಹೊಸ ಚಿಗುರು ಕಳಿಸ್ತಾನೇ ಇರುತ್ತೆ. ಹಾಗಾದ್ರೆ ಬಳ್ಳಿ ಕತ್ತರಿಸೋದು ಯಾಕೆ? ಬುಡದ ಹತ್ತಿರ ಹೋಗಕ್ಕೆ ದಾರಿ ಆಗಲಿ ಅಂತ, ಅಷ್ಟೇ. ಒಂದು ಅಡಿ ಮೋಟು ಉಳಿಸಿ, ಅದನ್ನೇ ಹಿಡಿ ಮಾಡ್ಕೊಂಡು, ಸುತ್ತ ಅಗೆದು, ಗಡ್ಡೆ ಸಮೇತ ಎಬ್ಬಿಸಬೇಕು. ನನ್ನ ಮೊದಲ ಗಡ್ಡೆಗೆ ನಲವತ್ತು ನಿಮಿಷ ಹಿಡೀತು. ಫೋಟೋಗೆ ಏನೂ ಇರಲಿಲ್ಲ, ಒಂದು ಗುಂಡಿ, ಮಣ್ಣು ಮೆತ್ತಿದ ಒಂದು ಗಂಟು.

ಪ್ರಿಯರೇ, ನಾನು ಪೆಂಟೆಕೋಸ್ಟಲ್ ಮನೆಯಲ್ಲೇ ಹುಟ್ಟಿ ಬೆಳೆದವನು. ಉಪವಾಸ ಕೂಟದಲ್ಲಿ ಅತ್ತಿದ್ದೀನಿ, ನೆಲಕ್ಕೆ ಬಿದ್ದಿದ್ದೀನಿ, ಆತ್ಮನ ಸ್ಪರ್ಶ ಪಡೆದಿದ್ದೀನಿ. ಅದ್ಯಾವುದೂ ಸುಳ್ಳಲ್ಲ, ನನ್ನ ಮಾತನ್ನ ತಪ್ಪು ತಿಳೀಬೇಡಿ. ಆದರೆ ಆ ದಿನ ಆ ಗುಂಡಿ ಪಕ್ಕ ಕೂತಾಗ ನನಗೆ ಅನ್ನಿಸಿತು, ನನ್ನ ಎಷ್ಟೋ ಕಣ್ಣೀರಿನ ಪ್ರಾರ್ಥನೆ ಫೆಬ್ರವರಿಯ ಕ್ಷೌರ ಆಗಿತ್ತು. ಕರ್ತನು ನನಗೆ ಬುಡಕ್ಕೆ ದಾರಿ ಮಾಡಿಕೊಟ್ಟ. ನಾನು ರಾಶಿ ಮುಂದೆ ಫೋಟೋ ತೆಗೆಸ್ಕೊಂಡು ಮನೆಗೆ ಹೋದೆ.

ಯಾವ ಬುಡ ಅಂತ ಹೇಳ್ತೀನಿ. ಅದಕ್ಕೆ ಮುಂಚೆ ಆ ಸಭೆಯದೇ ಒಂದು ವಿಷಯ, ಸ್ವಲ್ಪ ನಗು ಬರುತ್ತೆ. ನಮ್ಮ ಚರ್ಚ್ ಪಾರ್ಕಿಂಗ್ ಅಂಚಲ್ಲಿ ಒಂದು ದೊಡ್ಡ ಬ್ಲ್ಯಾಕ್‌ಬೆರಿ ಪೊದೆ ಇತ್ತು. ಪ್ರತಿ ವರ್ಷ ಯಾರಾದ್ರೂ ಕೇಳ್ತಿದ್ರು, ಇದನ್ನ ಯಾವಾಗ ತೆಗೆಯೋದು? ಪ್ರತಿ ವರ್ಷ ಉತ್ತರ ಒಂದೇ. ಅದೊಂದು ಇರಲಿ, ಆಗಸ್ಟ್‌ನಲ್ಲಿ ಸಭೆ ಊಟಕ್ಕೆ ಪೈ ಮಾಡಬೇಕು. ಪೈ ಬಹಳ ಚೆನ್ನಾಗಿರ್ತಿತ್ತು, ನಾನೇ ಎರಡೆರಡು ಸಲ ಹಾಕಿಸ್ಕೊಂಡಿದ್ದೀನಿ. ಆ ಪೊದೆಯಿಂದ ಹಳ್ಳಕ್ಕೆ ಕಾಲು ಮೈಲಿ ಇರಲಿಲ್ಲ. ನಾವು ಪೈ ತಿಂದ ಪೊದೆಯಲ್ಲೇ ಹಕ್ಕಿಗಳೂ ಹಣ್ಣು ತಿಂದು, ಹಾರಿ ಹೋಗಿ, ನಾವು ಶನಿವಾರ ಬೆವರು ಸುರಿಸಿ ಅಗೆದ ದಡದಲ್ಲೇ ಬೀಜ ಹಾಕ್ತಿದ್ವು. ಒಳ್ಳೇ ಬಿಸಿಲು ಬೀಳೋ ಪೊದೆಯಲ್ಲಿ ಒಂದು ಚದರ ಮೀಟರ್‌ಗೆ ಏಳು ಸಾವಿರಕ್ಕೂ ಮೀರಿ ಬೀಜ ಆಗುತ್ತೆ. ಸೇವೆ ಮಾಡಿದ್ದೂ ನಾವೇ, ಕಳೆ ಸಾಕಿದ್ದೂ ನಾವೇ.

ಮುಳ್ಳಿಗೋಸ್ಕರ ಯಾರೂ ಆ ಗಿಡ ಉಳಿಸಲ್ಲ ಪ್ರಿಯರೇ. ಹಣ್ಣಿಗೋಸ್ಕರ ಉಳಿಸ್ತಾರೆ.

ಈಗ ಏಸಾವನ ಹತ್ತಿರ ಬನ್ನಿ. ಆದಿಕಾಂಡ 27. ತಮ್ಮ ಯಾಕೋಬ ಮೋಸ ಮಾಡಿ ಅಪ್ಪನ ಆಶೀರ್ವಾದ ಕಿತ್ಕೊಂಡ. ಅನ್ಯಾಯ ಆಯ್ತಾ ಇಲ್ವಾ? ಆಯ್ತು. ಸತ್ಯವೇದ ಅದನ್ನ ಮುಚ್ಚಿಡಲ್ಲ. ಏಸಾವ ಒಳಗೇ ಹಗೆ ಇಟ್ಕೊಂಡು, ಅಪ್ಪ ಸಾಯಲಿ, ಆಮೇಲೆ ತಮ್ಮನ್ನ ನೋಡ್ಕೋತೀನಿ ಅಂದ್ಕೊಂಡ. 42ನೇ ವಚನದಲ್ಲಿ ರೆಬೆಕ್ಕ ಯಾಕೋಬನಿಗೆ ಏನು ಹೇಳಿ ಕಳಿಸ್ತಾಳೆ ಅಂತ ಇವತ್ತು ಮನೆಗೆ ಹೋಗಿ ನಿಧಾನವಾಗಿ ಓದಿ. ನಿಮ್ಮ ಅಣ್ಣ ಕೋಪದಲ್ಲಿದ್ದಾನೆ ಅಂತಷ್ಟೇ ಅವಳು ಹೇಳಲ್ಲ. ನಿನ್ನನ್ನ ಕೊಲ್ಲೋ ಯೋಚನೆಯಲ್ಲೇ ಅವನು ತನ್ನನ್ನ ಸಮಾಧಾನ ಮಾಡ್ಕೋತಾ ಇದ್ದಾನೆ ಅನ್ನೋ ಅರ್ಥದಲ್ಲಿ ಹೇಳ್ತಾಳೆ. ಸಮಾಧಾನ! ಆ ಹಗೆ ಅವನಿಗೆ ಆದರಣೆ ಕೊಡ್ತಿತ್ತು. ರಾತ್ರಿ ಮಲಗಿದಾಗ ಅದನ್ನ ತೆಗೆದು ಚೀಪ್ತಿದ್ದ. ಈ ವಾಕ್ಯ ನಾನು ಎಷ್ಟು ವರ್ಷ ಓದಿ ದಾಟಿಹೋಗಿದ್ದೆ!

ನಮ್ಮಪ್ಪನದು ಕೋಲಾರದಲ್ಲಿ ಒಂದು ಥರ್ಟಿ ಫಾರ್ಟಿ ಸೈಟು ಇತ್ತು. ನಾನು ಅಮೆರಿಕದಲ್ಲಿದ್ದೆ, ಅಣ್ಣನ ಹೆಸರಿಗೆ ಪವರ್ ಆಫ್ ಅಟಾರ್ನಿ ಕಳಿಸಿದೆ. ಅಣ್ಣ ಮಾರಿದ. ನನ್ನ ಪಾಲು ಬರಲಿಲ್ಲ. ಅಪ್ಪನ ಡಯಾಲಿಸಿಸ್‌ಗೆ ಖರ್ಚಾಯ್ತು ಅಂದ. ಅಪ್ಪನ ಟ್ರೀಟ್‌ಮೆಂಟ್‌ಗೆ ನಾನು ಪ್ರತಿ ತಿಂಗಳು ಬೇರೆ ದುಡ್ಡು ಕಳಿಸ್ತಿದ್ದೆ. ಲೆಕ್ಕ ಕೇಳಿದೆ, ಅತ್ತಿಗೆ ಫೋನ್ ಇಟ್ರು. ಅಪ್ಪ ತೀರಿಹೋದಾಗ ಬಂದೆ. ಸಮಾಧಿ ಹತ್ತಿರ ನಾನು ಅಣ್ಣ ಅಕ್ಕಪಕ್ಕ ನಿಂತ್ವಿ, ಒಂದು ಮಾತಾಡಲಿಲ್ಲ.

ಈ ಕಥೆ ನಾನು ಎಷ್ಟು ಜನಕ್ಕೆ ಹೇಳಿದ್ದೀನಿ ಅಂತ ಲೆಕ್ಕ ಇಲ್ಲ. ಸೆಲ್ ಗ್ರೂಪಲ್ಲಿ ‘ಪ್ರಾರ್ಥನೆಗೋಸ್ಕರ’ ಅಂತ ಹೇಳಿದ್ದೀನಿ. ಒಂದು ಸಲ ಸಾಕ್ಷಿಯಾಗಿ ಸ್ಟೇಜ್ ಮೇಲೆ ಹೇಳಿದ್ದೀನಿ, ನನ್ನವರೇ ಕೈಬಿಟ್ಟರೂ ಕರ್ತನು ಕೈಬಿಡಲಿಲ್ಲ ಅಂತ. ಜನ ಆಮೆನ್ ಅಂದ್ರು, ಅತ್ರು. ಒಬ್ಬೊಬ್ಬರೂ “ಅಯ್ಯೋ ಪಾಪ ಬ್ರದರ್” ಅಂತಿದ್ರು. ಒಂದು ರಾತ್ರಿ ಯಾರ ಮನೆಯಿಂದಲೋ ವಾಪಸ್ ಬರುವಾಗ ಕಾರಲ್ಲಿ ನನ್ನ ಹೆಂಡತಿ ಹೇಳಿದಳು: “ರೀ, ಈ ಕಥೆ ಹೇಳುವಾಗ ನಿಮ್ಮ ಮುಖ ಯಾವತ್ತಾದ್ರೂ ನೋಡ್ಕೊಂಡಿದ್ದೀರಾ? ಖುಷಿಯಾಗಿರುತ್ತೆ.”

ನಾನು ಜಗಳ ಮಾಡಿದೆ. ಮನೆ ಬರೋವರೆಗೂ ಮಾಡಿದೆ. ಆದರೆ ಅವಳು ಹೇಳಿದ್ದು ನಿಜ. ಪಾರ್ಕಿಂಗ್ ಅಂಚಿನ ಪೊದೆ ನನ್ನ ಹತ್ತಿರವೂ ಒಂದಿತ್ತು. ನೀನೇ ಸರಿ, ಅವನೇ ಕೆಟ್ಟವನು ಅಂತ ಜನ ಹೇಳ್ತಿದ್ರಲ್ಲ, ಅದೇ ನನ್ನ ಪೈ. ಆ ಬೀಜ ಎಲ್ಲೆಲ್ಲಿ ಬಿತ್ತು ಗೊತ್ತಾ? ನನ್ನ ಮಗಳಿಗೆ ಆಗ ಐದು ವರ್ಷ. ಅವಳು ಒಂದು ದಿನ ಆಟ ಆಡ್ತಾ ಗೊಂಬೆಗೆ ಹೇಳ್ತಿದ್ದಳು, ದೊಡ್ಡಪ್ಪ ಕಳ್ಳ. ಅನೇಕರು ಕೆಡ್ತಾರೆ ಅಂದ್ರೆ ಇದೇ ಪ್ರಿಯರೇ.

ಈಗ ಒಂದು ವಿಷಯ ಹುಷಾರಾಗಿ ಹೇಳಬೇಕು, ಯಾಕಂದ್ರೆ ಇದನ್ನ ತಪ್ಪಾಗಿ ಬೋಧಿಸಿ ಜನರಿಗೆ ನೋವು ಮಾಡಿದ್ದೀವಿ. ಆ ಪಾರ್ಕ್‌ನಲ್ಲಿ ಇನ್ನೊಂದು ಬ್ಲ್ಯಾಕ್‌ಬೆರಿ ಇತ್ತು, ಆ ನೆಲದ್ದೇ ಆದ ಗಿಡ. ಅದಕ್ಕೂ ಮುಳ್ಳಿದೆ. ಆದರೆ ತೆಳ್ಳಗೆ, ನೆಲದ ಮೇಲೆ ಹರಿಯುತ್ತೆ, ಕಾಂಡ ದುಂಡಗೆ, ಮೇಲೆ ನೀಲಿ-ಬಿಳಿ ಪುಡಿ ಬಳಿದ ಹಾಗೆ, ಎಲೆ ಮೂರು ಮೂರು. ಹೊರಗಿಂದ ಬಂದದ್ದು ದಪ್ಪ, ಕಾಂಡಕ್ಕೆ ಏಣು ಏಣು, ಎಲೆ ಸಾಮಾನ್ಯವಾಗಿ ಐದು, ಎಲೆ ಹಿಂಭಾಗ ಬೆಳ್ಳಗೆ. ಹೊಸಬರು ಎರಡನ್ನೂ ಕಿತ್ತುಹಾಕ್ತಿದ್ರು. ಆ ಅಮ್ಮ ಬಂದು ಬೈದು ನಿಲ್ಲಿಸ್ತಿದ್ರು, “ಅದು ಇಲ್ಲಿಯ ಮಗು, ಬಿಡು” ಅಂತ. ನಿಮ್ಮಲ್ಲಿ ಯಾರಿಗಾದ್ರೂ ಮನೆಯಲ್ಲಿ ಹೊಡೆತ ಬಿದ್ದಿದ್ರೆ, ಯಾರಾದ್ರೂ ನಿಮ್ಮ ಮೈ ಮುಟ್ಟಬಾರದ ಹಾಗೆ ಮುಟ್ಟಿದ್ರೆ, ಅದಕ್ಕೆ ನಿಮಗೆ ಬರೋ ಕೋಪ ಕಳೆ ಅಲ್ಲ. ಅದನ್ನ ಕೀಳು, ಸುಮ್ಮನಿರು ಅಂತ ನಾನು ಹೇಳಲ್ಲ. ಹೇಳಬೇಕಾದವರಿಗೆ ಹೇಳಿ, ಪೊಲೀಸಿಗೆ ಹೋಗಬೇಕಾದ್ರೆ ನಾನೂ ಜೊತೆ ಬರ್ತೀನಿ. ನಾನು ಮಾತಾಡ್ತಿರೋದು ನಮಗೆ ರುಚಿ ಹತ್ತಿಬಿಟ್ಟಿರೋ ಹಗೆಯ ಬಗ್ಗೆ.

ಇನ್ನೊಂದು. ವಾಷಿಂಗ್ಟನ್ ರಾಜ್ಯದಲ್ಲಿ ಕಳೆಗಳಿಗೆ ಎ, ಬಿ, ಸಿ ಅಂತ ವರ್ಗ ಇದೆ. ಎ ವರ್ಗದ ಕಳೆ ಅಪರೂಪ, ಕಂಡರೆ ತೆಗೆಯಲೇಬೇಕು ಅಂತ ಕಾನೂನು. ಈ ಬ್ಲ್ಯಾಕ್‌ಬೆರಿ ಸಿ ವರ್ಗ. ಅಷ್ಟು ಹರಡಿಬಿಟ್ಟಿದೆ, ಎಲ್ಲರೂ ತೆಗೀಲೇಬೇಕು ಅಂತ ರಾಜ್ಯ ಒತ್ತಾಯ ಮಾಡಲ್ಲ. ನಮ್ಮ ಸಭೆಗಳಲ್ಲೂ ಹಾಗೇ ಅಲ್ವಾ? ಒಬ್ಬ ಹುಡುಗ ಕುಡಿದು ಸಿಕ್ಕಿದ್ರೆ ಎ ವರ್ಗ, ಹಿರಿಯರ ಮೀಟಿಂಗ್, ಕ್ವೈರ್‌ನಿಂದ ಔಟ್. ಹತ್ತು ವರ್ಷದಿಂದ ತಂಗಿ ಹತ್ತಿರ ಮಾತು ಬಿಟ್ಟಿರೋ ಹಿರಿಯರು ಇಲ್ಲೇ ನಿಂತು ಕಾಣಿಕೆ ಎತ್ತುತ್ತಾರೆ. ಸಿ ವರ್ಗ. ಯಾರೂ ಕೇಳಲ್ಲ. ಆಮೆನ್ ಸ್ವಲ್ಪ ಕಡಿಮೆ ಆಯ್ತು, ಪರವಾಗಿಲ್ಲ.

ನಾನು ಏನು ಮಾಡಿದೆ ಅಂತ ಕೇಳ್ತೀರಿ. ಮೊದಲು ಕಥೆ ಹೇಳೋದು ನಿಲ್ಲಿಸಿದೆ. ಅಷ್ಟೇ. ಕೇಳಕ್ಕೆ ಸುಲಭ, ನನಗೆ ಅದು ಉಪವಾಸಕ್ಕಿಂತ ಕಷ್ಟ ಆಯ್ತು. ಬಾಯಿ ತನಕ ಬರ್ತಿತ್ತು. ಆಮೇಲೆ ಪ್ರಾರ್ಥನೆಯಲ್ಲಿ ಅಣ್ಣನ ಹೆಸರನ್ನ ದೂರಾಗಿ ಹೇಳೋದು ಬಿಟ್ಟು, ಅವನ ಶುಗರ್, ಅವನ ಮಕ್ಕಳ ಓದು, ಇವುಗಳಿಗೆ ಪ್ರಾರ್ಥಿಸಿದೆ. ಕೆಲವು ದಿನ ಬಾಯಿ ಮಾತ್ರ ಪ್ರಾರ್ಥನೆ ಮಾಡ್ತಿತ್ತು. ಏಳೆಂಟು ತಿಂಗಳಾದ ಮೇಲೆ ಫೋನ್ ಮಾಡಿದೆ. “ಅಣ್ಣಾ, ಊಟ ಆಯ್ತಾ?” ಅಂದೆ. “ಏನಪ್ಪಾ, ಏನು ವಿಷಯ?” ಅಂದ. ಸೈಟಿನ ವಿಷಯ ಎತ್ತುತ್ತೀನಿ ಅಂತ ಅವನಿಗೆ ಭಯ. “ಸುಮ್ನೆ ಮಾಡ್ದೆ” ಅಂದೆ. ನಾಲ್ಕು ನಿಮಿಷ ಮಾತಾಡಿದ್ವಿ, ಅದರಲ್ಲಿ ಎರಡು ನಿಮಿಷ ಮಳೆ ಬಗ್ಗೆ.

ಅಣ್ಣ ಇವತ್ತಿಗೂ ತಪ್ಪು ಒಪ್ಪಿಲ್ಲ. ದುಡ್ಡು ಬಂದಿಲ್ಲ. ಅವನು ಹೇಳಿದ್ದು ಅರ್ಧ ನಿಜ ಇರಬಹುದು ಅಂತ ಈಗ ಅನ್ನಿಸುತ್ತೆ. ಆಸ್ಪತ್ರೆಯಲ್ಲಿ ರಾತ್ರಿ ಕೂತವನು ಅವನು, ನಾನಲ್ಲ. ಈಗ ಮಾತಾಡ್ತೀವಿ. ಮಗಳು ರಜೆಗೆ ದೊಡ್ಡಪ್ಪನ ಮನೆಗೆ ಹೋಗಿ ಬರ್ತಾಳೆ.

ಎಲ್ಲಾ ಮುಗೀತು ಅಂತ ಸಾಕ್ಷಿ ಕೊಡಲ್ಲ ನಾನು. ಅಲ್ಲಿ ಅಗೆದ ಜಾಗಕ್ಕೆ ಮರದ ಚಕ್ಕೆ ಹೊದಿಸಿ, ದೇವದಾರಿನ ಜಾತಿಯ ಸಸಿ, ಜರಿಗಿಡ ನೆಡ್ತಿದ್ವಿ. ಖಾಲಿ ಬಿಟ್ಟರೆ ಅದೇ ಕಳೆ ಮತ್ತೆ ಬರುತ್ತೆ. ಲೂಕ 11ರಲ್ಲಿ ಗುಡಿಸಿ ಖಾಲಿ ಬಿಟ್ಟ ಮನೆ ನೆನಪು ಮಾಡ್ಕೊಳ್ಳಿ. ನೆಟ್ಟ ಮೇಲೂ ಮೂರು ನಾಲ್ಕು ವರ್ಷ ವಾಪಸ್ ಬಂದು ನೋಡ್ತಾ ಇರಬೇಕು. ಹಕ್ಕಿ ಬೀಜ ಹಾಕ್ತಾನೇ ಇರುತ್ತೆ. ಆದರೆ ಪುಟ್ಟ ಸಸಿಯನ್ನ ಮಳೆ ಬಿದ್ದ ಮಾರನೇ ದಿನ ಎರಡು ಬೆರಳಲ್ಲಿ ಕೀಳಬಹುದು. ಹೋದ ತಿಂಗಳು ನಮ್ಮ ಸಂಬಂಧಿಕರ ಮದುವೆಯಲ್ಲಿ ಯಾರೋ ಹೇಳಿದ್ರು, ನಿಮ್ಮಣ್ಣ ಹೊಸ ಕಾರ್ ತಗೊಂಡನಂತೆ. ಅಲ್ಲೇ, ಪಾಯಸದ ಮುಂದೆ, ಒಳಗೆ ಚಿಗುರಿತು: ಯಾರ ದುಡ್ಡಲ್ಲಿ? ಕೈ ತೊಳೆಯಕ್ಕೆ ಅಂತ ಎದ್ದು ಹೋಗಿ ನಲ್ಲಿ ಹತ್ತಿರ ನಿಂತು ಅದನ್ನ ಕರ್ತನಿಗೆ ಹೇಳಿದೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿ ಕಾರ್ ಯಾವ ಬಣ್ಣ ಅಂತ ಕೇಳಿದೆ. ಬಿಳಿ.

ಏಸಾವನ ಕಥೆ ಇಬ್ರಿಯ ಪತ್ರದಲ್ಲಿ ಕಹಿಯಾಗಿ ನಿಲ್ಲುತ್ತೆ. ಆದರೆ ಆದಿಕಾಂಡ 33ಕ್ಕೆ ಹೋಗಿ. ಇಪ್ಪತ್ತು ವರ್ಷ ಆದ ಮೇಲೆ ಯಾಕೋಬ ಹೆದರಿ, ಕುಂಟುತ್ತಾ, ಏಳು ಸಲ ಬಗ್ಗಿ ನಮಸ್ಕಾರ ಮಾಡ್ತಾ ಬರ್ತಾನೆ. ಓಡಿ ಬಂದು ತಬ್ಬಿಕೊಂಡಿದ್ದು ಯಾರು? ಏಸಾವ. ಆ ಇಪ್ಪತ್ತು ವರ್ಷದಲ್ಲಿ ಸೇಯೀರಿನಲ್ಲಿ ಅವನ ಒಳಗೆ ಏನು ನಡೆಯಿತು ಅಂತ ಸತ್ಯವೇದ ಒಂದು ಸಾಲೂ ಬರೆದಿಲ್ಲ. ಯಾರೂ ಫೋಟೋ ತೆಗೆಯದ ಕೆಲಸ ಅದು.

ಎದ್ದು ನಿಲ್ಲೋಣ. ಕೀಬೋರ್ಡ್ ಬ್ರದರ್, ಇವತ್ತು ಮ್ಯೂಸಿಕ್ ಬೇಡ, ಸುಮ್ಮನೆ ಇರೋಣ. ಕಣ್ಣು ಮುಚ್ಚಿ. ಕರ್ತನೇ, ಆತ್ಮನ ಮಳೆ ಸುರಿಸು, ಈ ಗಟ್ಟಿ ನೆಲ ಮೆತ್ತಗಾಗಲಿ. ಪ್ರಿಯರೇ, ನೀವು ಕಥೆ ಕಟ್ಟಿ ಹೇಳ್ತಾ ಬಂದಿರೋ ಒಬ್ಬರ ಹೆಸರು ಈಗ ನಿಮ್ಮ ಮನಸ್ಸಲ್ಲಿದೆ. ಕಥೆ ಬೇಡ, ಹೆಸರು ಮಾತ್ರ ಕರ್ತನ ಮುಂದೆ ಹೇಳಿ. ಅರ್ಜೆಂಟ್ ಇಲ್ಲ. ನಾನು ಕಾಯ್ತೀನಿ.